ಕೈಯಾರೆ ಕಟ್ಟಿ ಓದುವ ಕಥೆ

1980ರ ಜನವರಿ 26ರಂದು ಜಪಾನಿನ ಟಿ.ವಿ.ಯಲ್ಲಿ ಒಂದು ರೋಬೊ ಅನಿಮೇಷನ್ ಧಾರಾವಾಹಿ ಅವಧಿಗೆ ಮುಂಚೆಯೇ ಮುಗಿದುಹೋಯಿತು. 52 ಕಂತು ಅಂದುಕೊಂಡಿದ್ದದ್ದು 43ಕ್ಕೇ ನಿಂತಿತು. ನೋಡುವವರು ಕಡಿಮೆಯಿದ್ದರು. ಹಣ ಹಾಕಿದ್ದ ಕ್ಲೋವರ್ ಎಂಬ ಆಟಿಕೆ ಕಂಪನಿಗೆ ನಿರೀಕ್ಷಿಸಿದಷ್ಟು ವ್ಯಾಪಾರವಾಗಿರಲಿಲ್ಲ. ಆ ಧಾರಾವಾಹಿಯ ಹೆಸರು ‘ಮೊಬೈಲ್ ಸೂಟ್ ಗನ್‌ಡಮ್’. ಮರುಪ್ರಸಾರ ಶುರುವಾದಾಗ ಹೈಸ್ಕೂಲು, ಕಾಲೇಜು ಹುಡುಗರು ಅದನ್ನು ಬಿಡದೆ ಹಿಡಿದುಕೊಂಡರು. ಅದೇ ವರ್ಷದ ಜುಲೈನಲ್ಲಿ ಬ್ಯಾಂಡೈ ಕಂಪನಿ ಕಥೆಯ ನಾಯಕ ಯಂತ್ರದ ಪ್ಲಾಸ್ಟಿಕ್ ಕಿಟ್ ಒಂದನ್ನು 300 ಯೆನ್‌ಗೆ ಅಂಗಡಿಗಳಿಗೆ ಬಿಟ್ಟಿತು. 1981ರ ಫೆಬ್ರುವರಿ 22ರಂದು ಟೋಕಿಯೊದ ಶಿಂಜುಕು ನಿಲ್ದಾಣದ ಎದುರು ಸಾವಿರಾರು ಯುವಕ ಯುವತಿಯರು ಸೇರಿ, ಅನಿಮೆಗೆ ಹೊಸ ಶತಮಾನ ಹುಟ್ಟಿದೆ ಎಂದು ಸಾರಿದರು. ಮರು ತಿಂಗಳೇ ಧಾರಾವಾಹಿಯ ಚಲನಚಿತ್ರ ರೂಪ ತೆರೆಗೆ ಬಂತು. ಈಗ ಬ್ಯಾಂಡೈ ನಾಮ್ಕೊ ಸಮೂಹಕ್ಕೆ ಗನ್‌ಡಮ್ ಒಂದರಿಂದಲೇ ಬರುವ ವಾರ್ಷಿಕ ವಹಿವಾಟು 14 ಸಾವಿರ ಕೋಟಿ ಯೆನ್ ದಾಟಿದೆ.

ಸತ್ತೇಹೋಯಿತು ಎಂದುಕೊಂಡ ಕಥೆಯನ್ನು ಬದುಕಿಸಿದ್ದು ಅಭಿಮಾನಿಗಳು ಮತ್ತು ಆ ಪ್ಲಾಸ್ಟಿಕ್ ಕಿಟ್‌ಗಳು. ವೈಜ್ಞಾನಿಕ ಕಥೆ, ಅನಿಮೆ, ಕಾಮಿಕ್ಸ್, ಸಂಗ್ರಹ ಈ ನಾಲ್ಕೂ ಒಂದರೊಳಗೊಂದು ಹೆಣೆದುಕೊಂಡದ್ದನ್ನು ನೋಡಬೇಕಾದರೆ ಗನ್‌ಡಮ್‌ನಷ್ಟು ಒಳ್ಳೆಯ ಉದಾಹರಣೆ ನನಗೆ ಬೇರೆ ಗೊತ್ತಿಲ್ಲ. ನಲವತ್ತು ದಾಟಿದ ಮೇಲೂ ನಾನು ಬಿಡದೆ ಪ್ರೀತಿಸುತ್ತಿರುವ ಲೋಕ ಇದು.

ಮನೆಗೆ ಬಂದವರು ಕಪಾಟಿನಲ್ಲಿ ನಿಂತ ಗನ್‌ಡಮ್ ಮಾದರಿಗಳ ಸಾಲನ್ನು ನೋಡಿ, ‘ಮಗಳದ್ದಾ?’ ಎನ್ನುತ್ತಾರೆ. ನನ್ನದು ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ದೊಡ್ಡವರು ಗೊಂಬೆ ಇಟ್ಟುಕೊಳ್ಳುವುದು ನಮಗೆ ಹೊಸದೇನಲ್ಲವಲ್ಲ ಎಂದು ಆಗೆಲ್ಲ ಅನ್ನಿಸುತ್ತದೆ. ಹಳೆ ಮೈಸೂರು ಸೀಮೆಯ ಎಷ್ಟೋ ಮನೆಗಳಲ್ಲಿ ನವರಾತ್ರಿ ಬಂತೆಂದರೆ ಅಟ್ಟದಿಂದ ಪೆಟ್ಟಿಗೆ ಇಳಿಯುತ್ತದೆ. ಹಳೆಯ ಬಟ್ಟೆಯಲ್ಲಿ ಸುತ್ತಿಟ್ಟ ಪಟ್ಟದ ಗೊಂಬೆ, ದಶಾವತಾರದ ಸೆಟ್ಟು, ಮದುವೆಯ ದಿಬ್ಬಣ, ಅಜ್ಜಿಯ ಕಾಲದ ಮಣ್ಣಿನ ಆನೆ ಎಲ್ಲ ಹೊರಬಂದು ಮೆಟ್ಟಿಲೇರುತ್ತವೆ. ಪ್ರತಿ ವರ್ಷ ಒಂದೆರಡು ಹೊಸದು ಸೇರಿಕೊಳ್ಳುತ್ತವೆ. ಎಪ್ಪತ್ತರ ಅಜ್ಜಿ ಗೊಂಬೆ ಕೂರಿಸಿದರೆ ಈ ವಯಸ್ಸಲ್ಲಿ ಇದೇಕೆ ಎಂದು ಯಾರೂ ಕೇಳುವುದಿಲ್ಲ. ಪ್ರತಿ ಗೊಂಬೆಯ ಹಿಂದೆ ಒಂದು ಕಥೆಯಿದೆ, ಆ ಕಥೆ ಆಕೆಗೆ ಬಾಯಿಪಾಠ, ಕೇಳಿದವರಿಗೆಲ್ಲ ಹೇಳುತ್ತಾಳೆ. ನನ್ನ ಕಪಾಟಿನ ಯಂತ್ರಗಳ ಹಿಂದೆಯೂ ಕಥೆಯಿದೆ. ಅದನ್ನು ಹೇಳುವ ಹೊಣೆ ನನ್ನದೇ.

ಜಪಾನಿನ ಟಿ.ವಿ. ಅನಿಮೆ ಹುಟ್ಟಿದ್ದೇ ಸಂಗ್ರಹದ ಜೊತೆಗೆ. ಒಸಾಮು ತೆಜುಕಾ ಅವರ ‘ಆಸ್ಟ್ರೊ ಬಾಯ್’ 1963ರ ಜನವರಿ 1ರಂದು ಶುರುವಾಯಿತು. ವಾರಕ್ಕೊಂದು ಅರ್ಧ ಗಂಟೆಯ ಕಂತು ಮಾಡಲು ತಗಲುವ ಖರ್ಚನ್ನು ಟಿ.ವಿ. ಕೊಡುವ ಹಣ ತುಂಬಿಕೊಡುತ್ತಿರಲಿಲ್ಲ. ಪ್ರಾಯೋಜಕರಾಗಿದ್ದ ಮೇಜಿ ಕಂಪನಿ ತನ್ನ ಚಾಕೊಲೆಟ್ ಡಬ್ಬಿಯೊಳಗೆ ಆಸ್ಟ್ರೊ ಬಾಯ್ ಸ್ಟಿಕ್ಕರ್ ಹಾಕಿತು, ಮಕ್ಕಳು ಮುಗಿಬಿದ್ದರು. ಪಾತ್ರದ ಚಿತ್ರವನ್ನು ಮಾರಿ ಕಥೆಯನ್ನು ಸಾಕುವ ದಾರಿ ಅಲ್ಲಿ ತೆರೆಯಿತು. 1972ರಲ್ಲಿ ಗೋ ನಾಗಾಯ್ ಅವರ ‘ಮಜಿಂಗರ್ ಝಡ್’ ಬಂತು. ಮನುಷ್ಯ ಒಳಗೆ ಕೂತು ನಡೆಸುವ ದೈತ್ಯ ರೋಬೊ ಅದರಿಂದ ಮನೆಮಾತಾಯಿತು. 1974ರಲ್ಲಿ ಅದರ ಎರಕದ ಲೋಹದ ಗೊಂಬೆ ‘ಚೊಗೊಕಿನ್’ ಮಾರುಕಟ್ಟೆಗೆ ಬಂದು, ರೋಬೊ ಧಾರಾವಾಹಿ ಎಂದರೆ ಆಟಿಕೆಯ ಜಾಹೀರಾತು ಎಂಬ ಲೆಕ್ಕ ಗಟ್ಟಿಯಾಯಿತು. ವಾರಕ್ಕೊಂದು ರಾಕ್ಷಸ ಬರಬೇಕು, ನಾಯಕ ಅಸ್ತ್ರದ ಹೆಸರು ಕೂಗಿ ಅದನ್ನು ಕೊಲ್ಲಬೇಕು, ಮರುದಿನ ಆ ಅಸ್ತ್ರ ಅಂಗಡಿಯಲ್ಲಿರಬೇಕು.

ಯೊಶಿಯುಕಿ ಟೊಮಿನೊ ಈ ಗರಡಿಯಲ್ಲೇ ಪಳಗಿದವರು. ತೆಜುಕಾ ಅವರ ಸ್ಟುಡಿಯೊದಲ್ಲಿ ‘ಆಸ್ಟ್ರೊ ಬಾಯ್’ಗೆ ಕೆಲಸ ಮಾಡಿದ್ದರು. ಸನ್‌ರೈಸ್ ಸ್ಟುಡಿಯೊ ಅವರಿಗೆ ಗನ್‌ಡಮ್ ಒಪ್ಪಿಸಿದಾಗ ಕಟ್ಟುಪಾಡು ಹಳೆಯದೇ ಇತ್ತು. ಯಂತ್ರದ ಮೈಗೆ ಬಿಳಿ, ಕೆಂಪು, ನೀಲಿ, ಹಳದಿ ಎಂಬ ಢಾಳು ಬಣ್ಣಗಳು ಬಂದದ್ದು ಆಟಿಕೆ ಮಾರುವವರ ಒತ್ತಾಯಕ್ಕೆ. ಟೊಮಿನೊ ಮತ್ತು ಯಂತ್ರ ವಿನ್ಯಾಸಕ ಕುನಿಯೊ ಒಕಾವರ ಬಣ್ಣವನ್ನು ಒಪ್ಪಿಕೊಂಡರು, ಕಥೆಯನ್ನು ಮಾತ್ರ ಬಿಟ್ಟುಕೊಡಲಿಲ್ಲ.

ಕಥೆಯಲ್ಲಿ ರಾಕ್ಷಸರೇ ಇಲ್ಲ. ಬಾಹ್ಯಾಕಾಶದ ವಸಾಹತುಗಳಲ್ಲಿ ಹುಟ್ಟಿ ಬೆಳೆದ ಜನ ಭೂಮಿಯ ಆಳ್ವಿಕೆಯಿಂದ ಬಿಡುಗಡೆ ಕೇಳುತ್ತಾರೆ. ಆ ನ್ಯಾಯವಾದ ಬೇಡಿಕೆಯನ್ನು ಜಿಯಾನ್ ಎಂಬ ರಾಜ್ಯದ ಸರ್ವಾಧಿಕಾರಿ ಕುಟುಂಬವೊಂದು ತನ್ನ ಕೈಗೆ ತೆಗೆದುಕೊಂಡು ಯುದ್ಧ ಹೂಡುತ್ತದೆ. ಒಂದಿಡೀ ವಸಾಹತನ್ನೇ ಬಾಂಬಿನಂತೆ ಭೂಮಿಗೆ ಕೆಡವುತ್ತಾರೆ. ಮನುಕುಲದ ಅರ್ಧದಷ್ಟು ಜನ ಸತ್ತಿದ್ದಾರೆ ಎಂದು ನಿರೂಪಕ ಧಾರಾವಾಹಿಯ ಆರಂಭದಲ್ಲೇ ಹೇಳಿಬಿಡುತ್ತಾನೆ. ಇದನ್ನು ಸಂಜೆ ತಿಂಡಿ ತಿನ್ನುತ್ತಾ ಕೂತ ಮಕ್ಕಳಿಗೆ ಹೇಳಿದ್ದು ಎಂಬುದನ್ನು ನೆನಪಿಡಬೇಕು. ನಾಯಕ ಅಮುರೊ ರೇಗೆ ಹದಿನೈದು ವರ್ಷ. ಆತ ಯಂತ್ರ ಹತ್ತುವುದು ಅಲ್ಲಿ ಬೇರೆ ಯಾರೂ ಉಳಿದಿರಲಿಲ್ಲ ಎಂಬ ಕಾರಣಕ್ಕೆ. ಗೆದ್ದು ಬಂದ ಮೇಲೆ ನಡುಗುತ್ತಾನೆ, ಊಟ ಬಿಡುತ್ತಾನೆ, ಹತ್ತುವುದಿಲ್ಲ ಎಂದು ಹಟ ಹಿಡಿಯುತ್ತಾನೆ. ಅವನಿರುವ ಬಾಹ್ಯಾಕಾಶ ಹಡಗಿನ ತುಂಬ ನಿರಾಶ್ರಿತರು. ಉಪ್ಪು ಮುಗಿಯಿತು ಎಂಬುದೇ ಒಂದು ಕಂತಿನ ಚಿಂತೆ. ಎದುರಾಳಿಯ ಹಸಿರು ಬಣ್ಣದ ‘ಜಾಕು’ ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ತಯಾರಾಗುವ ಸಾಮಾನ್ಯ ಯಂತ್ರ. ಅದರೊಳಗೆ ಕೂತವನಿಗೆ ಮನೆಯಿದೆ, ಗೆಳೆಯರಿದ್ದಾರೆ, ಮೇಲಧಿಕಾರಿಯ ಭಯವಿದೆ. ಅಂಥ ಜಾಕು ಉರಿದು ಬೀಳುವಾಗ ಒಳಗೆ ಒಬ್ಬ ಮನುಷ್ಯ ಇದ್ದ ಎಂಬುದನ್ನು ಕಥೆ ನಮಗೆ ಮರೆಯಲು ಬಿಡುವುದಿಲ್ಲ.

ವೈಜ್ಞಾನಿಕ ಕಥೆಯಾಗಿ ನಾನು ಗನ್‌ಡಮ್ ಅನ್ನು ಗೌರವಿಸುವುದಕ್ಕೆ ಬೇರೆಯೇ ಕಾರಣವಿದೆ. ಅದರ ವಸಾಹತುಗಳು ಬರೀ ಕಲ್ಪನೆಯಲ್ಲ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಜೆರಾರ್ಡ್ ಓನೀಲ್ 1974ರಲ್ಲಿ ‘ಫಿಸಿಕ್ಸ್ ಟುಡೆ’ ಪತ್ರಿಕೆಯಲ್ಲಿ ಬಾಹ್ಯಾಕಾಶದಲ್ಲಿ ಊರು ಕಟ್ಟುವ ಲೆಕ್ಕವನ್ನು ಮುಂದಿಟ್ಟರು. ದೈತ್ಯ ಉರುಳೆಯೊಂದನ್ನು ಅದರ ಅಕ್ಷದ ಸುತ್ತ ತಿರುಗಿಸಿದರೆ ಒಳಮೈಯಲ್ಲಿ ನಿಂತವರಿಗೆ ಭೂಮಿಯ ಮೇಲಿನಂತೆಯೇ ತೂಕ ಅನುಭವಕ್ಕೆ ಬರುತ್ತದೆ. ಗೋಡೆಯ ಮೂರು ಉದ್ದ ಪಟ್ಟಿಗಳಲ್ಲಿ ನೆಲ, ಅವುಗಳ ನಡುವಿನ ಮೂರು ಪಟ್ಟಿಗಳಲ್ಲಿ ಕಿಟಕಿ, ಹೊರಗೆ ಬಿಸಿಲನ್ನು ಒಳಗೆ ಕಳಿಸುವ ಕನ್ನಡಿಗಳು. ಗನ್‌ಡಮ್‌ನ ವಸಾಹತುಗಳು ಇದೇ ಮಾದರಿಯವು: ಸುಮಾರು 6 ಕಿಲೋಮೀಟರ್ ಅಡ್ಡಳತೆ, 30 ಕಿಲೋಮೀಟರ್‌ಗೂ ಮಿಕ್ಕ ಉದ್ದ. ಅಷ್ಟು ದೊಡ್ಡ ಉರುಳೆ ಎರಡು ನಿಮಿಷದೊಳಗೆ ಒಂದು ಸುತ್ತು ತಿರುಗಿದರೆ ಸಾಕು, ಒಳಗೆ ಭೂಮಿಯ ಗುರುತ್ವ ಸಿಗುತ್ತದೆ. ಹೈಸ್ಕೂಲಿನ ವೃತ್ತೀಯ ಚಲನೆಯ ಸೂತ್ರ ಹಾಕಿ ಯಾರು ಬೇಕಾದರೂ ಪರೀಕ್ಷಿಸಬಹುದು. ತಲೆಯೆತ್ತಿದರೆ ಆಕಾಶದ ಜಾಗದಲ್ಲಿ ಇನ್ನೊಂದು ಊರಿನ ಮನೆಗಳು ತಲೆಕೆಳಗಾಗಿ ಕಾಣುವ ದೃಶ್ಯ ಈ ಲೆಕ್ಕದಿಂದಲೇ ಹುಟ್ಟಿದ್ದು. ಮೊದಲ ಸಲ ನೋಡಿದಾಗ ನನಗೆ ಉಸಿರು ಹಿಡಿದಂತಾಗಿತ್ತು.

ಹದಿನೆಂಟು ಮೀಟರ್ ಎತ್ತರದ ಮಾನವಾಕಾರದ ಯಂತ್ರ ನಿಜವಾದ ಯುದ್ಧದಲ್ಲಿ ನಿಲ್ಲುವುದಿಲ್ಲ. ರೇಡಾರಿಗೆ ಕಂಡ ಮರುಕ್ಷಣ ದೂರದಿಂದಲೇ ಕ್ಷಿಪಣಿ ಹೊಡೆದು ಮುಗಿಸುತ್ತಾರೆ. ಈ ಕಥೆ ಕಟ್ಟಿದವರಿಗೆ ಅದು ಗೊತ್ತಿತ್ತು. ಹಾಗಾಗಿ ಅವರು ‘ಮಿನೊವ್ಸ್ಕಿ ಕಣ’ ಎಂಬುದನ್ನು ಸೃಷ್ಟಿಸಿದರು. ಅದು ಹರಡಿದಲ್ಲಿ ರೇಡಾರು, ರೇಡಿಯೊ, ಕ್ಷಿಪಣಿಗೆ ದಾರಿ ತೋರುವ ಸಾಧನ ಯಾವುದೂ ಕೆಲಸ ಮಾಡುವುದಿಲ್ಲ. ಕಣ್ಣಿಗೆ ಕಂಡಷ್ಟೇ ಯುದ್ಧ. ಹತ್ತಿರ ಹೋಗಿ ಹೊಡೆದಾಡುವುದೊಂದೇ ದಾರಿ. ಹೀಗೆ ಒಂದು ಸುಳ್ಳನ್ನು ಮೊದಲೇ ಒಪ್ಪಿಕೊಂಡು, ಆಮೇಲಿನದ್ದೆಲ್ಲ ಆ ಸುಳ್ಳಿಗೆ ಬದ್ಧವಾಗಿ ನಡೆಯುತ್ತದೆ. ಒಳ್ಳೆಯ ವೈಜ್ಞಾನಿಕ ಕಥೆಯನ್ನು ನಾನು ಗುರುತಿಸುವುದು ಈ ಶಿಸ್ತಿನಿಂದ. ಯಂತ್ರದ ಕಲ್ಪನೆಗೂ ಮೂಲವಿದೆ. ರಾಬರ್ಟ್ ಹೈನ್‌ಲೈನ್ ಅವರ 1959ರ ಕಾದಂಬರಿ ‘ಸ್ಟಾರ್‌ಶಿಪ್ ಟ್ರೂಪರ್ಸ್’ನಲ್ಲಿ ಸೈನಿಕರು ಧರಿಸುವ ಯಾಂತ್ರಿಕ ಕವಚವಿದೆ. ಆ ಪುಸ್ತಕದ ಜಪಾನಿ ಆವೃತ್ತಿಗೆ ಸ್ಟುಡಿಯೊ ನೂ ಕಲಾವಿದರು ಬರೆದ ಚಿತ್ರಗಳು ಗನ್‌ಡಮ್ ತಂಡದ ಕಣ್ಣಿಗೆ ಬಿದ್ದವು. ಧರಿಸುವ ಕವಚ ಒಳಗೆ ಕೂತು ನಡೆಸುವ ಯಂತ್ರವಾಗಿ ಬೆಳೆಯಿತು. ಆದರೆ ಹೈನ್‌ಲೈನ್ ಸೈನಿಕ ಜೀವನವನ್ನು ಎತ್ತಿಹಿಡಿದರೆ, ಟೊಮಿನೊ ಅದರ ಬೆಲೆಯನ್ನು ಎಣಿಸಿದರು.

ಕಾಮಿಕ್ಸ್‌ನ ಪಾಲು ಬಂದದ್ದು ತಡವಾಗಿ. ಧಾರಾವಾಹಿಯ ಪಾತ್ರಗಳಿಗೆ ಮುಖ ಕೊಟ್ಟವರು ಯೊಶಿಕಜು ಯಸುಹಿಕೊ. ಕೆಲಸದ ಒತ್ತಡದಲ್ಲಿ ಅವರು ನಡುವೆಯೇ ಆಸ್ಪತ್ರೆ ಸೇರಿದರು. ಕೊನೆಯ ಕಂತುಗಳ ಚಿತ್ರಗಳು ಸೊರಗಿದ್ದು ಈಗಲೂ ಕಾಣುತ್ತದೆ. ಮುಂದೆ ಮಾಂಗಾ (ಜಪಾನಿ ಕಾಮಿಕ್ಸ್) ಕಲಾವಿದರಾದ ಅವರು 2001ರಿಂದ 2011ರವರೆಗೆ ಇದೇ ಕಥೆಯನ್ನು ‘ಗನ್‌ಡಮ್: ದಿ ಒರಿಜಿನ್’ ಎಂಬ ಹೆಸರಿನಲ್ಲಿ ಪುಟಗಳ ಮೇಲೆ ಮತ್ತೆ ಬರೆದರು. ಟಿ.ವಿ.ಯಲ್ಲಿ ಒಂದೆರಡು ಮಾತಿನಲ್ಲಿ ಹೋಗುವ ಹಿನ್ನೆಲೆಗೆ, ಅಂದರೆ ಒಂದು ಬಿಡುಗಡೆಯ ಚಳವಳಿ ಹೇಗೆ ಸರ್ವಾಧಿಕಾರಕ್ಕೆ ತಿರುಗಿತು ಎಂಬುದಕ್ಕೆ, ಅಲ್ಲಿ ಸಂಪುಟಗಳೇ ಮೀಸಲು. ಕುಂಚದಿಂದ ಎಳೆದ ಅವರ ಗೆರೆಯಲ್ಲಿ ಯಂತ್ರಗಳಿಗಿಂತ ಮುಖಗಳು ದೊಡ್ಡದಾಗಿ ಕಾಣುತ್ತವೆ. ಗನ್‌ಡಮ್‌ನ ರಾಜಕೀಯ ತಿಳಿಯಬೇಕೆನ್ನುವವರಿಗೆ ಧಾರಾವಾಹಿಗಿಂತ ಮೊದಲು ಈ ಮಾಂಗಾವನ್ನೇ ಓದಿ ಎನ್ನುತ್ತೇನೆ.

ಇನ್ನು ಕಿಟ್‌ಗಳು. ಗನ್‌ಡಮ್ ಪ್ಲಾಸ್ಟಿಕ್ ಮಾಡೆಲ್ ಎಂಬುದನ್ನು ಚಿಕ್ಕದು ಮಾಡಿ ಎಲ್ಲರೂ ಗನ್‌ಪ್ಲಾ ಎನ್ನುತ್ತಾರೆ. ಇವು ತಯಾರಾಗುವುದು ಜಪಾನಿನ ಶಿಜುಒಕಾದಲ್ಲಿ. ಮರಗೆಲಸಕ್ಕೆ ಹಿಂದಿನಿಂದ ಹೆಸರಾದ ಊರು ಅದು. ಮರದ ಮಾದರಿ ವಿಮಾನ, ಹಡಗು ಮಾಡುತ್ತಿದ್ದ ಕೈಗಳು ಎರಡನೇ ಮಹಾಯುದ್ಧದ ನಂತರ ಪ್ಲಾಸ್ಟಿಕ್ಕಿಗೆ ಹೊರಳಿದವು. ತಮಿಯಾ, ಹಸೆಗಾವಾ, ಆಒಶಿಮಾ ಮೊದಲಾದ ಮಾಡೆಲ್ ಕಂಪನಿಗಳೆಲ್ಲ ಅಲ್ಲಿಯವೇ. ಬ್ಯಾಂಡೈನ ಹಾಬಿ ಸೆಂಟರ್ ಕಾರ್ಖಾನೆಯೂ ಅಲ್ಲೇ ಇದೆ. ಮೊದಲ ಕಿಟ್‌ನ ಅಳತೆ 1/144. ಹದಿನೆಂಟು ಮೀಟರಿನ ಯಂತ್ರ ಹನ್ನೆರಡೂವರೆ ಸೆಂಟಿಮೀಟರಿಗೆ ಇಳಿಯುತ್ತದೆ, ಅಂಗೈಯಲ್ಲಿ ನಿಲ್ಲುತ್ತದೆ. ಅಂಟು ಹಚ್ಚಿ ಜೋಡಿಸಬೇಕಿತ್ತು, ಬಣ್ಣ ತಾವೇ ಬಳಿಯಬೇಕಿತ್ತು. ಆದರೂ ಅಂಗಡಿ ತೆರೆಯುವ ಮುಂಚೆ ಮಕ್ಕಳು ಸಾಲು ನಿಲ್ಲುತ್ತಿದ್ದರು. 1982ರ ಜನವರಿಯಲ್ಲಿ ಚಿಬಾದ ಅಂಗಡಿಯೊಂದರಲ್ಲಿ ಮಕ್ಕಳ ನೂಕುನುಗ್ಗಲು ಎಸ್ಕಲೇಟರ್ ಮೇಲೆ ಒಬ್ಬರ ಮೇಲೊಬ್ಬರು ಬಿದ್ದು ಗಾಯಗೊಳ್ಳುವವರೆಗೂ ಹೋಯಿತು.

ಕಳೆದ ನಾಲ್ಕು ದಶಕಗಳಲ್ಲಿ ಈ ಕಿಟ್‌ಗಳು ಬೆಳೆದ ಬಗೆ ಎಂಜಿನಿಯರಿಂಗ್ ಇಷ್ಟಪಡುವ ಯಾರಿಗಾದರೂ ಹಬ್ಬ. ಅಂಟು ಬೇಡದ, ಒತ್ತಿದರೆ ಕೂರುವ ಜೋಡಣೆ ಬಂತು. ಒಂದೇ ಪ್ಲಾಸ್ಟಿಕ್ ಚೌಕಟ್ಟಿನಲ್ಲಿ ಹಲವು ಬಣ್ಣದ ಭಾಗಗಳನ್ನು ಎರಕ ಹೊಯ್ಯುವ ತಂತ್ರ ಬಂತು. 1990ರಲ್ಲಿ ‘ಹೈ ಗ್ರೇಡ್’, 1995ರಲ್ಲಿ ಒಳಗಿನ ಯಂತ್ರಾಂಗವನ್ನೂ ತೋರಿಸುವ 1/100 ಅಳತೆಯ ‘ಮಾಸ್ಟರ್ ಗ್ರೇಡ್’, 1998ರಲ್ಲಿ 1/60 ಅಳತೆಯ ‘ಪರ್ಫೆಕ್ಟ್ ಗ್ರೇಡ್’, 2010ರಲ್ಲಿ ಸಣ್ಣ ಅಳತೆಯಲ್ಲೇ ಅಷ್ಟೆಲ್ಲ ವಿವರ ತುಂಬಿದ ‘ರಿಯಲ್ ಗ್ರೇಡ್’. ಪೆಟ್ಟಿಗೆಯೊಳಗೆ ಗೊಂಬೆ ಇರುವುದಿಲ್ಲ. ಚೌಕಟ್ಟಿಗೆ ಅಂಟಿಕೊಂಡ ನೂರಾರು ತುಂಡುಗಳು, ಒಂದು ಸೂಚನಾ ಪುಸ್ತಕ, ಅಷ್ಟೇ. ಒಂದೊಂದು ತುಂಡನ್ನೂ ನಿಪ್ಪರ್‌ನಿಂದ ಕತ್ತರಿಸಬೇಕು. ಮೊದಲು ಸ್ವಲ್ಪ ದೂರದಲ್ಲಿ, ಆಮೇಲೆ ಹತ್ತಿರಕ್ಕೆ. ಒಂದೇ ಏಟಿಗೆ ಕತ್ತರಿಸಿದರೆ ಪ್ಲಾಸ್ಟಿಕ್ ಎಳೆದು ಬಿಳಿ ಕಲೆ ಉಳಿಯುತ್ತದೆ. ಉಳಿದ ಮೊಳಕೆಯನ್ನು ಕಟರ್‌ನಿಂದ ಸವರಿ, ಮರಳು ಕಾಗದದಿಂದ ಉಜ್ಜಬೇಕು. ಸಂದುಗಳಲ್ಲಿ ತೆಳ್ಳಗೆ ಕಪ್ಪು ಶಾಯಿ ಹರಿಸಿದರೆ ಉಬ್ಬುತಗ್ಗು ಎದ್ದು ಕಾಣುತ್ತದೆ. ಕೊನೆಗೆ ಹೊಳಪು ಇಳಿಸುವ ಮ್ಯಾಟ್ ಲೇಪ. ಆಗ ಅದು ಪ್ಲಾಸ್ಟಿಕ್ ಎಂಬುದು ಮರೆತೇ ಹೋಗುತ್ತದೆ.

ಕಚೇರಿಯಲ್ಲಿ ದಿನವಿಡೀ ಪರದೆ ನೋಡಿದ ಮೇಲೆ ರಾತ್ರಿ ಊಟ ಮುಗಿಸಿ ಈ ಕೆಲಸಕ್ಕೆ ಕೂತರೆ ಮನಸ್ಸು ಹದಕ್ಕೆ ಬರುತ್ತದೆ, ನಿಜ. ನನಗೆ ಅದಕ್ಕಿಂತ ಮುಖ್ಯವಾದದ್ದು ಬೇರೆ. ಕಟ್ಟುವಾಗ ಕಥೆ ಇನ್ನೊಂದು ಬಗೆಯಲ್ಲಿ ಅರ್ಥವಾಗುತ್ತದೆ. ಮಾಸ್ಟರ್ ಗ್ರೇಡ್ ಜಾಕುವಿನ ಎದೆಯೊಳಗೆ ಚಾಲಕನ ಗೂಡು ಇರುತ್ತದೆ. ಅದರಲ್ಲಿ ಕೂರಿಸಲು ಒಂದು ಮನುಷ್ಯನ ಗೊಂಬೆಯನ್ನೂ ಕೊಡುತ್ತಾರೆ. ನಿಂತರೂ ಎರಡು ಸೆಂಟಿಮೀಟರ್ ಆಗದ ಆಕೃತಿ. ಅವನನ್ನು ಒಳಗಿಟ್ಟು ಎದೆಯ ಕವಚ ಮುಚ್ಚುವಾಗ ಗೊತ್ತಾಗುತ್ತದೆ: ಈ ಮೊಳಕಾಲು, ಈ ಇಂಧನದ ಕೊಳವೆ, ಈ ಭುಜದ ಮುಳ್ಳು, ಈ ದೊಡ್ಡ ದೇಹವೆಲ್ಲ ಇರುವುದು ಆ ಒಂದು ಜೀವವನ್ನು ಯುದ್ಧಕ್ಕೆ ಹೊತ್ತೊಯ್ಯಲು. ಟಿ.ವಿ.ಯಲ್ಲಿ ಒಂದು ಸೆಕೆಂಡಿನಲ್ಲಿ ಸಿಡಿದುಹೋಗುವ ಯಂತ್ರ ಅದು. ಕೈಯಾರೆ ಕಟ್ಟಿದವನಿಗೆ ಆ ಸೆಕೆಂಡು ಹಗುರವಾಗಿ ಕಳೆಯುವುದಿಲ್ಲ. ಓದುವುದು, ನೋಡುವುದು ಎಂಬಂತೆ ಕಟ್ಟುವುದೂ ಕಥೆಯನ್ನು ಒಳಗೆ ತೆಗೆದುಕೊಳ್ಳುವ ಒಂದು ದಾರಿ ಎಂದು ನಾನು ನಂಬಿದ್ದೇನೆ.

ಇಲ್ಲಿ ಕಷ್ಟದ ಪ್ರಶ್ನೆಯೊಂದಿದೆ. ಯುದ್ಧ ಬೇಡ ಎನ್ನುವ ಕಥೆ ನಾಲ್ಕು ದಶಕ ಬದುಕಿದ್ದು ಯುದ್ಧಯಂತ್ರಗಳ ಮಾದರಿ ಮಾರಿ. ಪ್ರತಿ ಹೊಸ ಸರಣಿಯಲ್ಲೂ ಹೊಸ ಯಂತ್ರ, ಹೊಸ ಬಂದೂಕು, ಹೊಸ ಪೆಟ್ಟಿಗೆ. 2015ರ ‘ಐರನ್ ಬ್ಲಡೆಡ್ ಆರ್ಫನ್ಸ್’ ಸರಣಿ ಬಾಲಸೈನಿಕರ ಗೋಳನ್ನೇ ಹೇಳಿತು. ಆ ಬಾಲಕರು ನಡೆಸಿದ ಯಂತ್ರಗಳೂ ಅಂಗಡಿಗೆ ಬಂದವು. ಅಭಿಮಾನಿಗಳಾದ ನಾವು ಇದನ್ನು ನೋಡದಂತೆ ಇರುವುದು ಸರಿಯಲ್ಲ. ಗನ್‌ಡಮ್‌ನ ದೊಡ್ಡತನವೆಂದರೆ ಅದೇ ಈ ಪ್ರಶ್ನೆಯನ್ನು ನಮಗಿಂತ ಮುಂಚೆ ಎತ್ತಿದ್ದು.

1989ರಲ್ಲಿ ಬಂದ ಆರು ಕಂತುಗಳ ‘ವಾರ್ ಇನ್ ದಿ ಪಾಕೆಟ್’ ನನ್ನ ಮಟ್ಟಿಗೆ ಇಡೀ ಗನ್‌ಡಮ್ ಪರಂಪರೆಯ ಶಿಖರ. ನಿರ್ದೇಶನ ಫುಮಿಹಿಕೊ ತಕಯಾಮಾ ಅವರದು, ಚಿತ್ರಕಥೆ ಹಿರೊಯುಕಿ ಯಮಾಗಾ ಅವರದು. ಟೊಮಿನೊ ಅಲ್ಲದ ನಿರ್ದೇಶಕರ ಕೈಗೆ ಅನಿಮೆ ಗನ್‌ಡಮ್ ದೊಡ್ಡದಾಗಿ ಸಿಕ್ಕಿದ್ದು ಅದೇ ಮೊದಲು. ಕಥೆ ನಡೆಯುವುದು ಯುದ್ಧದಲ್ಲಿ ಯಾರ ಪಕ್ಷವನ್ನೂ ಹಿಡಿಯದ ಒಂದು ವಸಾಹತಿನಲ್ಲಿ. ಆಲ್ಫ್ರೆಡ್ ಎಂಬ ಶಾಲೆಯ ಹುಡುಗನಿಗೆ ಯುದ್ಧವೆಂದರೆ ಟಿ.ವಿ.ಯಲ್ಲಿ ಕಾಣುವ ಸೊಗಸಾದ ಯಂತ್ರಗಳು, ಗೆಳೆಯರಿಗೆ ತೋರಿಸಿ ಮೆರೆಯಲು ಸೈನಿಕರ ಬಿಲ್ಲೆಗಳು. ಒಂದು ದಿನ ಜಾಕು ಒಂದು ಅವನ ಊರಿನಲ್ಲೇ ಬೀಳುತ್ತದೆ. ಭಯಪಡುವ ಬದಲು ಅವನು ಖುಷಿಯಿಂದ ಅದರತ್ತ ಓಡುತ್ತಾನೆ. ಅದರ ಚಾಲಕ ಬರ್ನಿ ಎಂಬ ಎಳೆಯ ಸೈನಿಕನ ಗೆಳೆತನವಾಗುತ್ತದೆ. ಪಕ್ಕದ ಮನೆಗೆ ಬಂದಿರುವ ಕ್ರಿಸ್ ಎಂಬ ಅಕ್ಕನನ್ನೂ ಅವನು ಅಷ್ಟೇ ಹಚ್ಚಿಕೊಂಡಿದ್ದಾನೆ. ಈ ಮೂವರ ಕಥೆ ಹೇಗೆ ಮುಗಿಯುತ್ತದೆ ಎಂಬುದನ್ನು ನೋಡದವರಿಗೆ ಹೇಳಿ ಕೆಡಿಸಲಾರೆ. ಯುದ್ಧ ಮುಗಿದ ಮೇಲಿನ ಕೊನೆಯ ದೃಶ್ಯವನ್ನು ಮಾತ್ರ ಹೇಳಲೇಬೇಕು. ಶಾಲೆಯ ಸಭೆಯಲ್ಲಿ ಆಲ್ಫ್ರೆಡ್ ಬಿಕ್ಕಿ ಬಿಕ್ಕಿ ಅಳುತ್ತಾನೆ. ಯಾಕೆಂದು ಗೊತ್ತಿಲ್ಲದ ಗೆಳೆಯರು ಸಮಾಧಾನ ಮಾಡುತ್ತಾರೆ: ಬೇಜಾರಾಗಬೇಡ, ಇನ್ನೊಂದು ಯುದ್ಧ ಬಂದೇ ಬರುತ್ತದೆ, ಅದು ಇದಕ್ಕಿಂತ ಜೋರಾಗಿರುತ್ತದೆ, ಆಗ ಆಯ್ದುಕೊಳ್ಳಲು ಬೇಕಾದಷ್ಟು ಮದ್ದುಗುಂಡಿನ ಚಿಪ್ಪು ಸಿಗುತ್ತವೆ ಎಂದು.

ಸಂಗ್ರಹಕಾರರ ಮುಖಕ್ಕೆ ಹಿಡಿದ ಇಂಥ ಕನ್ನಡಿಯನ್ನು ನಾನು ಬೇರೆಲ್ಲೂ ನೋಡಿಲ್ಲ. ಆಟಿಕೆ ಮಾರುವ ಹಣದಲ್ಲಿ ತಯಾರಾದ ಕಥೆ, ಆಟಿಕೆ ಕೊಳ್ಳುವವರನ್ನೇ ಕುರಿತು, ನೀನು ಕೂಡಿಡುತ್ತಿರುವುದು ಏನೆಂದು ನಿನಗೆ ಗೊತ್ತೇ ಎಂದು ಕೇಳುತ್ತದೆ. ಬರ್ನಿಯ ಜಾಕು ಕಿಟ್ ನನ್ನ ಬಳಿಯಿದೆ. ಅದನ್ನು ಹೊಸದಾಗಿ ಹೊಳೆಯುವಂತೆ ಕಟ್ಟಲು ಮನಸ್ಸು ಒಪ್ಪಲಿಲ್ಲ. ಕವಚದ ಅಂಚು ಕೆರೆದು, ಮಸಿ, ತುಕ್ಕು, ಮಣ್ಣಿನ ಬಣ್ಣ ಹಚ್ಚಿ, ಬಳಸಿ ಬಳಲಿದ ಯಂತ್ರವಾಗಿ ನಿಲ್ಲಿಸಿದೆ. ಮಾಡೆಲ್ ಕಟ್ಟುವವರು ಇದಕ್ಕೆ ವೆದರಿಂಗ್ ಎನ್ನುತ್ತಾರೆ. ಚಂದಕ್ಕಾಗಿ ಮಾಡುವುದೂ ಉಂಟು. ನನಗೆ ಅದು ಆ ಹುಡುಗನ ಕಣ್ಣೀರಿಗೆ ತೋರಿಸುವ ಮರ್ಯಾದೆ. ಯಂತ್ರದ ಅಂದವನ್ನು ಪ್ರೀತಿಸುವುದು, ಅದು ಮಾಡುವ ಕೇಡನ್ನು ಮರೆಯದಿರುವುದು, ಈ ಎರಡನ್ನೂ ಒಟ್ಟಿಗೆ ಹೊರುವ ಶಕ್ತಿ ಬರುವುದು ವಯಸ್ಸಾದ ಮೇಲೆಯೇ. ಹತ್ತು ವರ್ಷದವನಾಗಿದ್ದಾಗ ದೂರದರ್ಶನದಲ್ಲಿ ‘ಜೈಂಟ್ ರೋಬೊ’ ನೋಡಿ ಕುಣಿದಾಗ ನನಗೆ ಮೊದಲನೆಯದು ಮಾತ್ರ ಗೊತ್ತಿತ್ತು.

ಸಂಗ್ರಹದ ಲೋಕದಲ್ಲಿ ಈಗ ಬೀಸುತ್ತಿರುವ ಗಾಳಿ ನನ್ನನ್ನು ಕಂಗೆಡಿಸುತ್ತದೆ. 2024ರ ಏಪ್ರಿಲ್‌ನಲ್ಲಿ ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ 1938ರ ‘ಆ್ಯಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆಯ ಒಂದು ಪ್ರತಿ ಅಮೆರಿಕದ ಹರಾಜಿನಲ್ಲಿ 60 ಲಕ್ಷ ಡಾಲರಿಗೆ ಹೋಯಿತು. ಹುಟ್ಟಿದಾಗ ಅದರ ಬೆಲೆ 10 ಸೆಂಟು. ಇಂಥ ಪ್ರತಿಗಳಿಗೆ ಅಂಕ ಕೊಟ್ಟು ಗಟ್ಟಿ ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಿ ಮುದ್ರೆ ಒತ್ತುತ್ತಾರೆ. ಆಮೇಲೆ ಪುಟ ತಿರುಗಿಸುವಂತಿಲ್ಲ. ಓದುವುದಕ್ಕೆಂದೇ ಹುಟ್ಟಿದ ವಸ್ತು ಓದಲಾಗದ ವಸ್ತುವಾಗುತ್ತದೆ. ಅತಿ ಹಳೆಯ, ಅಪರೂಪದ ಪ್ರತಿಯನ್ನು ಹಾಗೆ ಕಾಪಾಡುವುದನ್ನು ನಾನು ಒಪ್ಪುತ್ತೇನೆ. ಆದರೆ ನಿನ್ನೆ ಮೊನ್ನೆ ಅಚ್ಚಾದ ಸಂಚಿಕೆಗಳನ್ನೂ ಓದದೆ ಮುದ್ರೆ ಹಾಕಿಸಿ ಬೆಲೆ ಏರಲೆಂದು ಕಾಯುವುದು ಕಾಮಿಕ್ಸ್‌ಗೆ ಮಾಡುವ ಅನ್ಯಾಯ. 2025ರ ಜೂನ್‌ನಲ್ಲಿ ಬೀಜಿಂಗ್‌ನಲ್ಲಿ ಆಳೆತ್ತರದ ಲಬೂಬು ಗೊಂಬೆಯೊಂದು 10 ಲಕ್ಷ ಯುವಾನ್‌ಗಿಂತ ಹೆಚ್ಚಿಗೆ ಮಾರಾಟವಾಯಿತು. ಲಬೂಬುವಿನಂಥ ಗೊಂಬೆಗಳ, ಒಳಗೆ ಯಾವುದಿದೆ ಎಂದು ತಿಳಿಯದೆ ಕೊಳ್ಳುವ ಪೆಟ್ಟಿಗೆಗಳಿಗೆ ಮಕ್ಕಳೂ ದೊಡ್ಡವರೂ ಒಂದಾದ ಮೇಲೊಂದು ಹಣ ಸುರಿಯುತ್ತಿದ್ದಾರೆ. ಅದರಲ್ಲಿ ಕಥೆಗಿಂತ ಜೂಜಿನ ಪಾಲೇ ಹೆಚ್ಚು ಎಂಬುದು ನನ್ನ ಖಚಿತ ಅಭಿಪ್ರಾಯ.

ಗನ್‌ಪ್ಲಾಕ್ಕೂ ಈ ರೋಗ ತಗಲಿತು. ಕೋವಿಡ್ ಕಾಲದಲ್ಲಿ ಮನೆಯಲ್ಲಿ ಕೂತ ಜನ ಕಿಟ್ ಕಟ್ಟಲು ಶುರು ಮಾಡಿದಾಗ, ಬಂದ ಸರಕನ್ನೆಲ್ಲ ಬಾಚಿಕೊಂಡು ದುಪ್ಪಟ್ಟು ಬೆಲೆಗೆ ಮಾರುವವರು ಜಪಾನಿನಲ್ಲೇ ಹುಟ್ಟಿಕೊಂಡರು. ಒಬ್ಬರಿಗೆ ಇಷ್ಟೇ ಎಂದು ಅಂಗಡಿಗಳು ಮಿತಿ ಹಾಕಬೇಕಾಯಿತು. ಗನ್‌ಪ್ಲಾದ ಸ್ವಭಾವದಲ್ಲೇ ಇದಕ್ಕೆ ಮದ್ದಿದೆ ಎಂಬುದು ನನಗೆ ದೊಡ್ಡ ನೆಮ್ಮದಿ. ಉಕ್ಕಿನ ಅಚ್ಚುಗಳನ್ನು ಕಂಪನಿ ಎಸೆಯುವುದಿಲ್ಲ, ಹಳೆಯ ಕಿಟ್‌ಗಳನ್ನು ಮತ್ತೆ ಮತ್ತೆ ಹೊಯ್ದು ಮಾರುತ್ತದೆ. 1980ರ ಆ ಮೊದಲ ಕಿಟ್ ಕೂಡ ಹೊಸದಾಗಿ ಅಚ್ಚಾಗಿ ಇಂದಿಗೂ ಸಿಗುತ್ತದೆ, ಅದೂ ಅಗ್ಗಕ್ಕೆ. ಪೆಟ್ಟಿಗೆ ಒಡೆಯದೆ ಇಟ್ಟುಕೊಂಡವನಿಗೆ ದೊಡ್ಡ ಲಾಭವಿಲ್ಲ, ಒಡೆದು ಕಟ್ಟಿದವನಿಗೆ ನಷ್ಟವಿಲ್ಲ. ಎರಡು ಕೈಗಳು ಒಂದೇ ಕಿಟ್ಟನ್ನು ಒಂದೇ ರೀತಿ ಕಟ್ಟುವುದೂ ಇಲ್ಲ. ಬೆಲೆ ಅಪರೂಪದಿಂದ ಬರದೆ ಶ್ರಮದಿಂದ ಬರುವ ಸಂಗ್ರಹ ಇದು.

ನಮ್ಮಲ್ಲಿ ಬೇರೆ ತೊಡಕುಗಳಿವೆ. ಆಮದು ಆಟಿಕೆಗಳ ಮೇಲಿನ ಮೂಲ ಸೀಮಾಸುಂಕ 2020ರ ಬಜೆಟ್‌ನಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿತು. ದೇಶದ ಆಟಿಕೆ ಉದ್ಯಮಕ್ಕೆ ನೆರಳು ಕೊಡುವ ಉದ್ದೇಶ ಅದಕ್ಕಿತ್ತು. ಆದರೆ ಇಂಥ ಮಾಡೆಲ್ ಕಿಟ್‌ಗಳನ್ನು ಇಲ್ಲಿ ಯಾರೂ ಮಾಡುವುದಿಲ್ಲವಾದ್ದರಿಂದ ಹೊರೆಯೆಲ್ಲ ಕೊಳ್ಳುವವನ ಮೇಲೆ ಬಿತ್ತು. ಜಪಾನಿನಲ್ಲಿ ಶಾಲಾ ಹುಡುಗ ಪಾಕೆಟ್ ಮನಿಯಲ್ಲಿ ಕೊಳ್ಳುವ ಕಿಟ್ ಬೆಂಗಳೂರಿಗೆ ಬರುವಷ್ಟರಲ್ಲಿ ದುಡಿಯುವವರ ವಸ್ತುವಾಗುತ್ತದೆ. ಆ ಸಂದಿಯಲ್ಲಿ ನಕಲಿ ಕಿಟ್‌ಗಳು ನುಸುಳುತ್ತವೆ. ಮೊದಲ ಸಲ ಕೊಳ್ಳುವವರು ಪೆಟ್ಟಿಗೆಯ ಮೇಲೆ ತಯಾರಕರ ಹೆಸರು ಇದೆಯೇ ಎಂದು ನೋಡಬೇಕು. ನಕಲಿಯಲ್ಲಿ ತುಂಡುಗಳು ಸರಿಯಾಗಿ ಕೂರುವುದಿಲ್ಲ, ಸಂದು ಸಡಿಲ, ಪ್ಲಾಸ್ಟಿಕ್ ಕಳಪೆ. ಹೊಸಬರು ಅದನ್ನು ಕಟ್ಟಿ, ಇದೇನು ತಲೆನೋವು ಎಂದು ಹವ್ಯಾಸವನ್ನೇ ಬಿಟ್ಟುಬಿಡುತ್ತಾರೆ.

ಪ್ಲಾಸ್ಟಿಕ್ಕಿನ ಪ್ರಶ್ನೆಯನ್ನೂ ಮುಚ್ಚಿಡಬಾರದು. ತುಂಡುಗಳನ್ನು ಕತ್ತರಿಸಿಕೊಂಡ ಮೇಲೆ ಉಳಿಯುವ ಚೌಕಟ್ಟು ಪೆಟ್ಟಿಗೆ ತುಂಬ ಇರುತ್ತದೆ. ಜಪಾನಿನಲ್ಲಿ 2021ರಿಂದ ಕಂಪನಿಯೇ ಇವನ್ನು ಮರಳಿ ಪಡೆದು ಹೊಸ ಕಿಟ್‌ಗಳಿಗೆ ಬಳಸುವ ಏರ್ಪಾಡು ಮಾಡಿದೆ. ಇಲ್ಲಿ ಅಂಥದ್ದಿಲ್ಲ. ನಾನು ನನ್ನವನ್ನು ಬೇರೆ ಚೀಲದಲ್ಲಿ ಕಟ್ಟಿ ಒಣ ಕಸಕ್ಕೆ ಕೊಡುತ್ತೇನೆ. ಅದಕ್ಕಿಂತ ಮುಖ್ಯವಾಗಿ, ಕೈಯಲ್ಲಿರುವುದನ್ನು ಮುಗಿಸುವವರೆಗೆ ಹೊಸದು ಕೊಳ್ಳದಿರುವ ಶಿಸ್ತನ್ನು ಪಾಲಿಸುತ್ತೇನೆ. ಒಡೆಯದ ಪೆಟ್ಟಿಗೆಗಳ ರಾಶಿ ಅಭಿಮಾನದ ಗುರುತು ಎಂದು ನಾನು ಒಪ್ಪುವುದಿಲ್ಲ.

2020ರ ಡಿಸೆಂಬರಿನಿಂದ 2024ರ ಮಾರ್ಚ್‌ವರೆಗೆ ಯೊಕೊಹಾಮಾದ ಬಂದರಿನಲ್ಲಿ ಪೂರ್ಣ ಅಳತೆಯ, 18 ಮೀಟರ್ ಎತ್ತರದ, ಕೈಕಾಲು ಆಡಿಸುವ ಗನ್‌ಡಮ್ ನಿಂತಿತ್ತು. ನಲವತ್ತು ವರ್ಷ ಹಿಂದೆ ಅಂಗೈಯಗಲದ ಕಿಟ್ ಕಟ್ಟಿದ್ದ ಮಕ್ಕಳು ದೊಡ್ಡವರಾಗಿ, ತಮ್ಮ ಮಕ್ಕಳ ಕೈ ಹಿಡಿದು ಅದನ್ನು ನೋಡಲು ಬರುತ್ತಿದ್ದರು. ಅದನ್ನು ಬಿಚ್ಚಿದ ಮೇಲೆ ಅದರ ಭಾಗಗಳನ್ನೇ ಬಳಸಿ 2025ರ ಒಸಾಕಾ ವಿಶ್ವ ಮೇಳದಲ್ಲಿ ಇನ್ನೊಂದು ಪ್ರತಿಮೆ ನಿಲ್ಲಿಸಿದರು. ಈ ಸಲ ಅದು ಮಂಡಿಯೂರಿ, ಒಂದು ಕೈಯನ್ನು ಆಕಾಶದತ್ತ ಚಾಚಿತ್ತು. ಕೈಯಲ್ಲಿ ಆಯುಧ ಇರಲಿಲ್ಲ. ಈ ಯಂತ್ರ ಹಾಗೆ ನಿಂತದ್ದು ನನಗೆ ತುಂಬ ಹಿಡಿಸಿತು.

ನಿಮ್ಮ ಮನೆಯಲ್ಲಿ ಅನಿಮೆ ನೋಡುವ ಮಗನೋ ಮಗಳೋ, ತಮ್ಮನೋ ಇದ್ದರೆ ಈ ವಾರಾಂತ್ಯ ಅವರ ಜೊತೆ ಕೂತು ‘ವಾರ್ ಇನ್ ದಿ ಪಾಕೆಟ್’ ನೋಡಿ. ಆರು ಕಂತು, ಮೂರು ಗಂಟೆಯೊಳಗೆ ಮುಗಿಯುತ್ತದೆ, ಗನ್‌ಡಮ್ ಬಗ್ಗೆ ಮೊದಲೇ ಏನೂ ತಿಳಿದಿರಬೇಕಿಲ್ಲ. ಹಿಡಿಸಿದರೆ 1/144 ಅಳತೆಯ ಹೈ ಗ್ರೇಡ್ ಕಿಟ್ ಒಂದು, ಒಂದು ನಿಪ್ಪರ್, ಒಂದು ಹಾಳೆ ಮರಳು ಕಾಗದ ತಂದುಕೊಳ್ಳಿ. ಶುರು ಮಾಡಲು ಅಷ್ಟು ಸಾಕು. ಹೆಚ್ಚು ಬೆಲೆ ಬರುತ್ತದೆಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳದೆ, ಪೆಟ್ಟಿಗೆ ಒಡೆದು ಕಟ್ಟಿ.